ಕಿವಿ ಕೇಳಿಸುತ್ತದೆ, ಕೈ ಬರೆಯುತ್ತದೆ, ಅರ್ಥ ಮಾತ್ರ ಆಗುವುದಿಲ್ಲ: ಮೆದುಳಿಗೆ ಪೆಟ್ಟು ಬಿದ್ದಾಗ ಮಾತಿನ ಗತಿ

1897ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಬೈರಮ್ ಬ್ರಾಮ್‌ವೆಲ್ ಒಬ್ಬ ಯುವತಿಯ ಬಗ್ಗೆ ಬರೆದರು. ಹೆರಿಗೆಯಾದ ಸ್ವಲ್ಪ ದಿನಕ್ಕೇ ಆಕೆಗೆ ಸ್ಟ್ರೋಕ್ ಆಗಿತ್ತು. ಕಿವಿಗೆ ಏನೂ ಆಗಿರಲಿಲ್ಲ, ಎಲ್ಲಾ ಕೇಳಿಸುತ್ತಿತ್ತು. ಆದರೆ ಎದುರಿಗಿದ್ದವರು ಆಡಿದ ಮಾತಿನ ಅರ್ಥ ಆಗುತ್ತಿರಲಿಲ್ಲ. ಎಡಿನ್‌ಬರೋಗೆ ಬರಲು ಇಷ್ಟವೇ ಎಂದು ಆಕೆಯನ್ನು ಕೇಳಿದರು. ತಿಳಿಯಲಿಲ್ಲ. ಆಕೆ ಆ ಪ್ರಶ್ನೆಯನ್ನು ಹಾಗೇ ತಿರುಗಿ ಹೇಳಿದರು, ಕಾಗದದ ಮೇಲೆ ಬರೆದುಕೊಂಡರು. ಬರೆದದ್ದನ್ನು ಓದಿದ ಮೇಲೆ ಅರ್ಥವಾಯಿತು, ಉತ್ತರವನ್ನೂ ಕೊಟ್ಟರು.

ಇನ್ನೊಮ್ಮೆ ಯೋಚಿಸಿ ನೋಡಿ. ಅರ್ಥವೇ ಆಗದ ಮಾತನ್ನು ಆಕೆ ಬರೆದದ್ದು ಹೇಗೆ?

ಕೇಳಿದ ಸದ್ದನ್ನು ಸುಮ್ನೆ ಅಕ್ಷರಕ್ಕೆ ಇಳಿಸಿರಬೇಕು ಎಂದು ಮೊದಲು ಅನಿಸುತ್ತದೆ. ಇಂಗ್ಲಿಷಿನಲ್ಲಿ ಅದು ಅಷ್ಟು ಸುಲಭವಲ್ಲ. ಎಡಿನ್‌ಬರೋ ಎಂಬ ಹೆಸರಿನ ಕೊನೆಗೆ ಜಿ, ಎಚ್ ಎಂಬ ಎರಡು ಅಕ್ಷರಗಳಿವೆ. ಮಾತಿನಲ್ಲಿ ಅವು ಕೇಳಿಸುವುದೇ ಇಲ್ಲ. ಬರೀ ಸದ್ದನ್ನು ಹಿಡಿದು ಬರೆಯುವವರಿಗೆ ಅವು ಹೊಳೆಯುವುದೂ ಇಲ್ಲ. ಆ ಹೆಸರನ್ನು ಸರಿಯಾಗಿ ಬರೆಯಬೇಕಾದರೆ, ಅದು ಹಿಂದೆ ಕಂಡ ಪದ ಎಂದು ಮೆದುಳು ಗುರುತಿಸಿ, ಅದರ ಕಾಗುಣಿತವನ್ನು ನೆನಪಿನಿಂದ ತೆಗೆದಿರಬೇಕು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಎಲ್ಲಿಸ್ 1984ರಲ್ಲಿ ಈ ಹಳೆಯ ವರದಿಯನ್ನು ಮತ್ತೆ ಬೆಳಕಿಗೆ ತಂದಾಗ ಇದೇ ವಿಷಯ ಮುಖ್ಯವಾಯಿತು. ಕಿವಿಯಿಂದ ಬಂದ ಪದ ಆಕೆಯ ಮೆದುಳಿನಲ್ಲಿ ಗುರುತಾಗುತ್ತಿತ್ತು. ಅಲ್ಲಿಂದ ಕಾಗುಣಿತಕ್ಕೆ ಹೋಗುವ ದಾರಿ ಚೆನ್ನಾಗಿತ್ತು. ಅರ್ಥಕ್ಕೆ ಹೋಗುವ ದಾರಿ ಮಾತ್ರ ಮುಚ್ಚಿತ್ತು. ಕಣ್ಣಿನಿಂದ ಅರ್ಥಕ್ಕೆ ಹೋಗುವ ಬೇರೊಂದು ದಾರಿ ಇತ್ತಲ್ಲ, ಆಕೆ ಅದನ್ನು ಬಳಸಿಕೊಂಡರು.

ಕೇಳುವುದು, ತಿಳಿಯುವುದು, ಬರೆಯುವುದು ಈ ಮೂರೂ ಒಂದೇ ದಾರಿಯಲ್ಲಿ ಸಾಗುವ ಕೆಲಸ ಎಂದು ನಾವು ನಂಬಿದ್ದೇವೆ. ಶಾಲೆಯಲ್ಲಿ ಮೇಷ್ಟ್ರು ಉಕ್ತಲೇಖನ ಕೊಟ್ಟಾಗ ಎಲ್ಲವೂ ಒಟ್ಟಿಗೇ ನಡೆಯುತ್ತಿತ್ತು, ಅಲ್ವಾ? ಆದರೆ ಮೆದುಳಿಗೆ ಪೆಟ್ಟು ಬಿದ್ದಾಗ ಈ ಕೆಲಸಗಳು ಒಂದರಿಂದ ಒಂದು ಬಿಡಿಸಿಕೊಳ್ಳುತ್ತವೆ. ಮನೆಯವರು ಮತ್ತು ಎಷ್ಟೋ ಸಲ ವೈದ್ಯರೂ ಸೋಲುವುದು ಇಲ್ಲೇ. ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಕಿವಿ ಹೋಗಿದೆ ಅನ್ನುತ್ತಾರೆ, ಇಲ್ಲವೇ ಬುದ್ಧಿ ಹೋಗಿದೆ ಅನ್ನುತ್ತಾರೆ. ಎರಡೂ ಅಲ್ಲದ ಜನ ನಮ್ಮ ನಡುವೆ ಬೇಕಾದಷ್ಟಿದ್ದಾರೆ.

ಒಂದು ಪದ ಕಿವಿಗೆ ಬಿದ್ದಾಗ ಏನೇನು ನಡೆಯಬೇಕು ನೋಡೋಣ. ಮೊದಲು ಸದ್ದು ಕೇಳಿಸಬೇಕು. ಆ ಸದ್ದಿನಲ್ಲಿ ಪ, ಬ, ತ, ದ ಎಂಬ ಧ್ವನಿಗಳನ್ನು ಬೇರೆಬೇರೆಯಾಗಿ ಹಿಡಿಯಬೇಕು. ಆಮೇಲೆ ಆ ಧ್ವನಿಗಳ ಸಾಲು ನನಗೆ ಗೊತ್ತಿರುವ ಪದ ಎಂದು ಗುರುತಾಗಬೇಕು. ಕೊನೆಗೆ ಅದರ ಅರ್ಥ ಮನಸ್ಸಿಗೆ ಬರಬೇಕು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇದರಲ್ಲಿ ಯಾವ ಹಂತ ಬೇಕಾದರೂ ಕೆಡಬಹುದು. ಎಲ್ಲಿ ಕೆಟ್ಟಿದೆ ಎಂಬುದರ ಮೇಲೆ ತೊಂದರೆಯ ರೂಪ ಬದಲಾಗುತ್ತದೆ.

ಎರಡನೇ ಹಂತ ಮಾತ್ರ ಕೆಟ್ಟಾಗ ಕಾಣುವ ಸ್ಥಿತಿಗೆ ಶುದ್ಧ ಶಬ್ದಕಿವುಡು ಅನ್ನಬಹುದು. ಇಂಥವರಿಗೆ ಬಾಗಿಲ ಬೆಲ್ ಕೇಳಿಸುತ್ತದೆ, ನಾಯಿ ಬೊಗಳಿದ್ದು ಗೊತ್ತಾಗುತ್ತದೆ. ತಾವು ಮಾತಾಡಬಲ್ಲರು, ಪೇಪರ್ ಓದಬಲ್ಲರು, ಕಾಗದ ಬರೆಯಬಲ್ಲರು. ಆದರೆ ಇನ್ನೊಬ್ಬರ ಮಾತು ಗೊತ್ತಿಲ್ಲದ ಪರಭಾಷೆಯಂತೆ ಕೇಳಿಸುತ್ತದೆ. ಹೇಳಿದ್ದನ್ನು ತಿರುಗಿ ಹೇಳಲು ಆಗುವುದಿಲ್ಲ, ಉಕ್ತಲೇಖನ ಬರೆಯಲೂ ಆಗುವುದಿಲ್ಲ. ಇದು ಅಪರೂಪದ ಸ್ಥಿತಿ. ಹೆಚ್ಚಾಗಿ ಮೆದುಳಿನ ಎರಡೂ ಬದಿಯಲ್ಲಿ, ಕಿವಿಯ ಹತ್ತಿರದ ಟೆಂಪೊರಲ್ ಭಾಗದ ಮೇಲಂಚಿಗೆ ಹಾನಿಯಾದಾಗ ಬರುತ್ತದೆ. ಕೆಲವರಲ್ಲಿ ಎಡಬದಿಯ ಹಾನಿ ಒಂದರಿಂದಲೂ ಬರುತ್ತದೆ.

ಸದ್ದು ಕೇಳಿಸುವವರಿಗೆ ಮಾತು ಯಾಕೆ ತಿಳಿಯದು? ಮಾತಿನ ವೇಗ ಇದಕ್ಕೆ ಮುಖ್ಯ ಕಾರಣ. ಪ ಮತ್ತು ಬ ನಡುವಿನ ವ್ಯತ್ಯಾಸ ಒಂದು ಸೆಕೆಂಡಿನ ನೂರರಲ್ಲಿ ಕೆಲವೇ ಪಾಲಿನಷ್ಟು ಸಮಯದಲ್ಲಿ ಅಡಗಿರುತ್ತದೆ. ಹಾನಿಯಾದ ಮೆದುಳಿಗೆ ಅಷ್ಟು ಚಿಕ್ಕ ವ್ಯತ್ಯಾಸ ಸಿಗುವುದಿಲ್ಲ. ಆ, ಈ, ಊ ಥರದ ಸ್ವರಗಳು ಜಾಸ್ತಿ ಹೊತ್ತು ನಿಲ್ಲುತ್ತವೆ, ಹಾಗಾಗಿ ಅವು ಸ್ವಲ್ಪ ಚೆನ್ನಾಗಿ ಸಿಗುತ್ತವೆ. ಇಂಥವರ ಎದುರು ನಿಧಾನವಾಗಿ, ಮುಖ ಕಾಣುವಂತೆ ಮಾತಾಡಿದರೆ ಉಪಯೋಗವಾಗುವುದು ಇದಕ್ಕೇ. ತುಟಿಯ ಚಲನೆ ಕಣ್ಣಿಗೆ ಇನ್ನೊಂದು ಸುಳಿವು ಕೊಡುತ್ತದೆ. ಜೋರಾಗಿ ಕೂಗಿದರೆ ಏನೂ ಉಪಯೋಗವಿಲ್ಲ. ಹಿಯರಿಂಗ್ ಏಡ್ ಹಾಕಿಸಿದರೂ ಅಷ್ಟೇ. ಅದು ಸದ್ದನ್ನು ದೊಡ್ಡದು ಮಾಡುತ್ತದೆ, ಧ್ವನಿಗಳನ್ನು ಬಿಡಿಸಿ ಕೊಡುವುದಿಲ್ಲ.

ಬ್ರಾಮ್‌ವೆಲ್ ಕಂಡ ಯುವತಿಯ ತೊಂದರೆ ಇನ್ನೂ ಮುಂದಿನ ಹಂತದ್ದು. ಆಕೆಗೆ ಧ್ವನಿಗಳು ಸಿಗುತ್ತಿದ್ದವು, ಇಲ್ಲದಿದ್ದರೆ ತಿರುಗಿ ಹೇಳಲು ಆಗುತ್ತಿರಲಿಲ್ಲ. ಕೇಳಿದ ಪದದಿಂದ ಅರ್ಥಕ್ಕೆ ಹೋಗುವ ಕೊಂಡಿ ಮಾತ್ರ ಕಳಚಿತ್ತು. ಇಂಥ ಕೆಲವರು ಆಮೇಲೂ ಸಿಕ್ಕಿದ್ದಾರೆ. ಇಂಗ್ಲೆಂಡಿನಲ್ಲಿ ಸೂ ಫ್ರಾಂಕ್ಲಿನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಪರೀಕ್ಷಿಸಿದ ಒಬ್ಬರಿಗೆ ಕಣ್ಣಿಗೆ ಕಾಣುವ ವಸ್ತುಗಳ ಹೆಸರು ಕೇಳಿದರೆ ತಿಳಿಯುತ್ತಿತ್ತು. ಕಣ್ಣಿಗೆ ಕಾಣದ ಭಾವನೆ, ವಿಚಾರಗಳ ಪದಗಳು ಕಿವಿಯಿಂದ ಬಂದರೆ ತಿಳಿಯುತ್ತಿರಲಿಲ್ಲ. ಅವೇ ಪದಗಳನ್ನು ಬರೆದು ತೋರಿಸಿದರೆ ತಿಳಿಯುತ್ತಿತ್ತು. ಇಂಥವರ ಜೊತೆ ನಾಲ್ಕು ಮಾತಾಡಿ 'ಎಲ್ಲಾ ಅರ್ಥವಾಗುತ್ತೆ' ಎಂದು ಎದ್ದು ಬರುವುದು ಎಷ್ಟು ಸುಲಭ ಎಂದು ಯೋಚಿಸಿ. ನೀರು, ಕುರ್ಚಿ, ಊಟ ಎಂದರೆ ತಿಳಿಯುತ್ತದೆ. ಒಪ್ಪಿಗೆ, ಜವಾಬ್ದಾರಿ, ಅಪಾಯ ಎಂದರೆ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳುವಾಗ ಆಡುವ ಪದಗಳೆಲ್ಲ ಈ ಎರಡನೇ ಗುಂಪಿನವೇ.

ಇವು ಅಪರೂಪದ ಸ್ಥಿತಿಗಳು. ದಿನನಿತ್ಯ ಆಸ್ಪತ್ರೆಗಳಲ್ಲಿ ಕಾಣುವುದು ಇಷ್ಟು ಬಿಡಿಬಿಡಿಯಾಗಿರುವುದಿಲ್ಲ. ಸ್ಟ್ರೋಕ್ ಆದ ಸುಮಾರು ಮೂರರಲ್ಲಿ ಒಬ್ಬರಿಗೆ ಭಾಷೆಯ ತೊಂದರೆ, ಅಂದರೆ ಅಫೇಸಿಯಾ ಇರುತ್ತದೆ. ಬಲಗೈ ಬಳಸುವ ಹೆಚ್ಚಿನವರಿಗೆ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಅಲ್ಲಿಗೆ ರಕ್ತ ತರುವ ನಡುವಿನ ದೊಡ್ಡ ರಕ್ತನಾಳ ಅಥವಾ ಅದರ ಕವಲು ಮುಚ್ಚಿಕೊಂಡರೆ ಭಾಷೆಗೆ ಪೆಟ್ಟು ಬೀಳುತ್ತದೆ. ಯಾವ ಕವಲು ಮುಚ್ಚಿತು ಎಂಬುದರ ಮೇಲೆ ಉಳಿದದ್ದು ನಿಲ್ಲುತ್ತದೆ.

1874ರಲ್ಲಿ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯ ಒಂದು ಬಗೆಯನ್ನು ವಿವರಿಸಿದರು. ಆಗ ಅವರಿಗೆ ಬರೀ 26 ವರ್ಷ. ಈ ಬಗೆಯ ಅಫೇಸಿಯಾ ಇರುವವರು ತಡವರಿಸದೆ ಮಾತಾಡುತ್ತಾರೆ. ರಾಗ, ಏರಿಳಿತ ಎಲ್ಲಾ ಸರಿ ಇರುತ್ತದೆ. ಆದರೆ ಪದಗಳು ಅದಲುಬದಲು, ಕೆಲವು ಪದಗಳು ಯಾವ ಭಾಷೆಯಲ್ಲೂ ಇಲ್ಲದವು. ಬೇರೆಯವರ ಮಾತೂ ತಿಳಿಯದು. ತಾವು ತಪ್ಪು ಮಾತಾಡುತ್ತಿದ್ದೇವೆ ಎಂಬುದೂ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಬರವಣಿಗೆಯೂ ಸಾಮಾನ್ಯವಾಗಿ ಹೀಗೇ ಕೆಟ್ಟಿರುತ್ತದೆ.

ನನಗೆ ತುಂಬಾ ಕಳವಳ ತರುವುದು ಈ ಬಗೆಯೇ. ಯಾಕೆಂದರೆ ಇದರಲ್ಲಿ ಕೈಕಾಲಿಗೆ ಏನೂ ಆಗದೇ ಇರಬಹುದು. ಲಕ್ವ ಅಂದ್ರೆ ಕೈಕಾಲು ಬಿದ್ದುಹೋಗಬೇಕು, ಬಾಯಿ ಸೊಟ್ಟಗಾಗಬೇಕು ಎಂದು ನಮ್ಮ ಜನ ನಂಬಿದ್ದಾರೆ. ಸ್ಟ್ರೋಕ್ ಬಗ್ಗೆ ಹಾಕುವ ಪೋಸ್ಟರ್‌ಗಳೂ ಮುಖ, ತೋಳು, ಮಾತು ನೋಡಿ ಎನ್ನುತ್ತವೆ. ಮಾತು ಎಂದರೆ ತೊದಲುವುದು ಎಂದು ಓದುವವರು ಅಂದುಕೊಳ್ಳುತ್ತಾರೆ. ಬೆಳಿಗ್ಗೆ ಎದ್ದ ಯಜಮಾನರು ಚೆನ್ನಾಗಿ ನಡೆದಾಡುತ್ತಾ, ಗಟ್ಟಿಯಾಗಿ, ಅರ್ಥವಿಲ್ಲದ ಮಾತಾಡುತ್ತಿದ್ದರೆ ಅದು ಸ್ಟ್ರೋಕ್ ಎಂದು ಯಾರಿಗೆ ಹೊಳೆಯಬೇಕು? ತಲೆ ಕೆಟ್ಟಿದೆ ಅನ್ನುತ್ತಾರೆ, ಗಾಳಿ ಸೋಕಿದೆ ಅನ್ನುತ್ತಾರೆ, ವಯಸ್ಸಾಯಿತು ಅನ್ನುತ್ತಾರೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೇವಸ್ಥಾನ, ಕ್ಲಿನಿಕ್ ಎಂದು ಸುತ್ತುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಇದ್ದಕ್ಕಿದ್ದಂತೆ ಮಾತು ಅಸಂಬದ್ಧವಾದರೆ, ಅಥವಾ ಹೇಳಿದ್ದು ತಿಳಿಯದೆ ಹೋದರೆ, ಅದು ಸ್ಟ್ರೋಕ್ ಇರಬಹುದು ಎಂದೇ ಹೊರಡಬೇಕು. ಕೈಕಾಲು ಸರಿ ಇದ್ದರೂ ಅಷ್ಟೇ.

ಈಗ ಬರವಣಿಗೆಗೆ ಬರೋಣ. ಕೇಳಿದ ಪದವನ್ನು ಬರೆಯಲು ಮೆದುಳಿಗೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1980ರ ಆಸುಪಾಸಿನಲ್ಲಿ. 1981ರಲ್ಲಿ ಲಂಡನ್ನಿನ ಟಿಮ್ ಶಾಲಿಸ್ ಒಬ್ಬ ರೋಗಿಯನ್ನು ವಿವರಿಸಿದರು. ಗೊತ್ತಿರುವ ಪದಗಳನ್ನು ಹೇಳಿದರೆ ಅವರು ಬಹುಪಾಲು ಸರಿಯಾಗಿ ಬರೆಯುತ್ತಿದ್ದರು. ಆದರೆ ಅರ್ಥವಿಲ್ಲದ, ಆಗಷ್ಟೇ ಹುಟ್ಟಿಸಿದ ಪದ ಹೇಳಿದರೆ ಬರೆಯಲು ಆಗುತ್ತಿರಲಿಲ್ಲ. ಸದ್ದಿನಿಂದ ಅಕ್ಷರಕ್ಕೆ ಹೋಗುವ ದಾರಿ ಕೆಟ್ಟಿತ್ತು, ಪದದ ನೆನಪು ಉಳಿದಿತ್ತು. ಅದೇ ವರ್ಷ ಫ್ರಾನ್ಸಿನಲ್ಲಿ ಮರಿ ಫ್ರಾನ್ಸ್ ಬೋವುವಾ ಮತ್ತು ಜಾಕ್ಲೀನ್ ದೆರೂಎನೆ ಇದಕ್ಕೆ ಸರಿಯಾಗಿ ತಿರುಗುಮುರುಗಾದ ರೋಗಿಯನ್ನು ವಿವರಿಸಿದರು. ಹುಟ್ಟಿಸಿದ ಪದಗಳನ್ನು ಅವರು ಸಲೀಸಾಗಿ ಬರೆಯುತ್ತಿದ್ದರು. ಕಾಗುಣಿತ ವಿಚಿತ್ರವಾಗಿರುವ ಮಾಮೂಲಿ ಪದಗಳಲ್ಲಿ ತಪ್ಪುತ್ತಿದ್ದರು, ಸದ್ದಿಗೆ ತಕ್ಕಂತೆ ಬರೆದುಬಿಡುತ್ತಿದ್ದರು.

ಒಬ್ಬರಲ್ಲಿ ಒಂದು ಕೆಟ್ಟು ಇನ್ನೊಂದು ಉಳಿದಿದೆ, ಮತ್ತೊಬ್ಬರಲ್ಲಿ ಅದು ಉಳಿದು ಇದು ಕೆಟ್ಟಿದೆ. ಹೀಗಿದ್ದಾಗ ಎರಡೂ ಒಂದೇ ಕೆಲಸ, ಒಂದು ಕಷ್ಟ ಒಂದು ಸುಲಭ ಅಷ್ಟೇ, ಎಂದು ಹೇಳಲು ಬರುವುದಿಲ್ಲ.

ಮೂರನೇ ಬಗೆಯೂ ಇದೆ. 1982ರಲ್ಲಿ ಕೆನಡಾದ ಡೇನಿಯಲ್ ಬಬ್ ಮತ್ತು ಆಂಡ್ರ್ಯೂ ಕರ್ಟೆಜ್ ವರದಿ ಮಾಡಿದ ರೋಗಿ, ಕೇಳಿದ ಪದದ ಬದಲು ಅದರ ಅರ್ಥಕ್ಕೆ ಹತ್ತಿರದ ಇನ್ನೊಂದು ಪದ ಬರೆಯುತ್ತಿದ್ದರು. ಸಮಯ ಎಂದರೆ ಗಡಿಯಾರ ಎಂದು ಬರೆದ ಹಾಗೆ. ಇಲ್ಲಿ ಬರವಣಿಗೆ ಅರ್ಥದ ಮೂಲಕವೇ ಹೋಗುತ್ತಿದೆ, ಸದ್ದು ಅದನ್ನು ತಿದ್ದಲು ಬರುತ್ತಿಲ್ಲ. ಎಡಿನ್‌ಬರೋದ ಯುವತಿಯದು ಇದರ ಎದುರು ತುದಿ.

ಹಾಗಾದರೆ ಕನ್ನಡದಲ್ಲಿ? ಈ ಪ್ರಶ್ನೆ ನನಗೆ ತುಂಬಾ ಮುಖ್ಯ. ಮೇಲಿನ ರೋಗಿಗಳೆಲ್ಲ ಇಂಗ್ಲಿಷ್, ಫ್ರೆಂಚ್ ಬರೆಯುವವರು. ಆ ಭಾಷೆಗಳಲ್ಲಿ ಸದ್ದು ಒಂದು, ಬರಹ ಇನ್ನೊಂದು. ಕನ್ನಡದಲ್ಲಿ ಹೇಳಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಹಾಗಾಗಿ ಪದದ ನೆನಪು ಕೆಟ್ಟ ಕನ್ನಡಿಗರು ಸದ್ದಿನ ದಾರಿಯಲ್ಲೇ ಬಹುಪಾಲು ಪದಗಳನ್ನು ಸರಿಯಾಗಿ ಬರೆದುಬಿಡಬಹುದು. ತೊಂದರೆ ಇದ್ದರೂ ಕಣ್ಣಿಗೆ ಬೀಳದೆ ಹೋಗಬಹುದು.

ಆದರೆ ಕನ್ನಡವೂ ಪೂರ್ತಿ ಹಾಗಿಲ್ಲ. ಶ ಮತ್ತು ಷ ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಒಂದೇ. ದಿನನಿತ್ಯದ ಮಾತಿನಲ್ಲಿ ಎಷ್ಟೋ ಜನ ಮಹಾಪ್ರಾಣ ಹೇಳುವುದಿಲ್ಲ, ದನಕ್ಕೂ ಧನಕ್ಕೂ ಸದ್ದಿನಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ಋ ಎಂಬುದು ರು ಎಂದೇ ಕೇಳಿಸುತ್ತದೆ. ವಿಶೇಷ, ಭಾಷೆ, ಕಷ್ಟ, ಕೃಷಿ ಇವನ್ನು ಸರಿಯಾಗಿ ಬರೆಯಲು ಕಿವಿ ಸಾಲದು, ಪದದ ನೆನಪು ಬೇಕು. ಆ ನೆನಪು ಕೆಟ್ಟವರು 'ಬಾಶೆ', 'ಕಶ್ಟ', 'ಕ್ರುಶಿ' ಎಂದು ಬರೆಯಬಹುದು. ಇಲ್ಲಿ ಇನ್ನೊಂದು ಎಚ್ಚರ ಬೇಕು. ಸ್ಟ್ರೋಕ್ ಆಗದವರೂ ಹೀಗೆ ಬರೆಯುತ್ತಾರೆ. ಆದ್ದರಿಂದ ಹಿಂದೆ ಹೇಗೆ ಬರೆಯುತ್ತಿದ್ದರು ಎಂದು ನೋಡದೆ ತೀರ್ಮಾನ ಮಾಡುವುದು ತಪ್ಪು. ಹಳೆಯ ಡೈರಿ, ಲೆಕ್ಕದ ಪುಸ್ತಕ, ಯಾರಿಗೋ ಬರೆದ ಕಾಗದ ಸಿಕ್ಕರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ.

ಸದ್ದಿನ ದಾರಿ ಕೆಟ್ಟರೆ ಕನ್ನಡದಲ್ಲಿ ಜಾಸ್ತಿ ಕಷ್ಟ ಎಂದು ನನಗೆ ಅನಿಸುತ್ತದೆ. ನಮ್ಮ ಪದಗಳಿಗೆ ಬಾಲ ಉದ್ದ. ಮನೆ ಎಂಬುದು ಮನೆಯಲ್ಲಿ, ಮನೆಯಿಂದ, ಮನೆಯವರಿಗೂ, ಮನೆಯವರದ್ದೇ ಎಂದು ಬೆಳೆಯುತ್ತಲೇ ಹೋಗುತ್ತದೆ. ಇಷ್ಟೂ ರೂಪಗಳನ್ನು ಇಡಿಯಾಗಿ ನೆನಪಿಟ್ಟುಕೊಳ್ಳಲು ಆಗುವುದಿಲ್ಲ, ಆ ಹೊತ್ತಿಗೆ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟುವಾಗ ಕೇಳಿದ ಸದ್ದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಡಬೇಕು. ಅದರ ಮೇಲೆ ನಮ್ಮ ಲಿಪಿಯ ಜೋಡಣೆ ಬೇರೆ. ಒತ್ತಕ್ಷರ ಕೆಳಗೆ ಹೋಗುತ್ತದೆ, ಗುಣಿತದ ಚಿಹ್ನೆ ಮೇಲೆ ಅಥವಾ ಪಕ್ಕಕ್ಕೆ ಬರುತ್ತದೆ. ಸೂರ್ಯ ಎಂಬ ಪದದಲ್ಲಿ ಬಾಯಿ ರ್ ಮೊದಲು ಹೇಳುತ್ತದೆ, ಆಮೇಲೆ ಯ. ಕೈ ಮಾತ್ರ ಮೊದಲು ಯ ಬರೆದು, ಆಮೇಲೆ ಅರ್ಕಾವೊತ್ತು ಹಾಕುತ್ತದೆ. ಹೇಳುವ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ಇಂಗ್ಲಿಷಿಗೆ ಮಾಡಿದ ಪರೀಕ್ಷೆಯ ಪದಪಟ್ಟಿಯನ್ನು ಬರೀ ಅನುವಾದ ಮಾಡಿದರೆ ಇವು ಯಾವುವೂ ಅದರಲ್ಲಿ ಬರುವುದಿಲ್ಲ.

ಒಳ್ಳೆಯ ವಿಷಯವೆಂದರೆ ಕನ್ನಡದಲ್ಲಿ ಕೆಲಸ ಶೂನ್ಯದಿಂದ ಶುರುವಾಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ. ಕರ್ಟೆಜ್ ಅವರು ರೂಪಿಸಿದ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಗೆ ಕನ್ನಡ ರೂಪವಿದೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಓದುತ್ತಿದ್ದ ವ್ಯಕ್ತಿಯೊಬ್ಬರು ಓದುವ ಶಕ್ತಿ ಕಳೆದುಕೊಂಡ ಬಗ್ಗೆ ಪ್ರತಿಭಾ ಕಾರಂತ್ 1981ರಲ್ಲೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ವಿಷಯದ ಅಧ್ಯಯನ ನಡೆದಿದೆ. ಕೊರತೆ ಇರುವುದು ಈ ತಿಳುವಳಿಕೆ ತಾಲ್ಲೂಕಿಗೆ ತಲುಪುವುದರಲ್ಲಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳನ್ನು ಮುಟ್ಟುವ ಪ್ರಯತ್ನ ಮಾಡಿದೆ. ಅಂಥ ಕಡೆ ಹತ್ತು ನಿಮಿಷದ ಒಂದು ಭಾಷಾ ಪರೀಕ್ಷೆ ಕಡ್ಡಾಯವಾಗಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಅದರಲ್ಲಿ ಏನಿರಬೇಕು? ಒಂದೇ ಪದವನ್ನು ಬೇರೆಬೇರೆ ದಾರಿಯಲ್ಲಿ ಕೇಳಬೇಕು. ಹೇಳಿ, ಚಿತ್ರ ತೋರಿಸಲು ಹೇಳಬೇಕು. ಬರೆದು ತೋರಿಸಿ, ಅದೇ ಚಿತ್ರ ಗುರುತಿಸಲು ಹೇಳಬೇಕು. ತಿರುಗಿ ಹೇಳಿಸಬೇಕು, ಬರೆಸಬೇಕು. ಗೊತ್ತಿರುವ ಪದದ ಜೊತೆ ಅರ್ಥವಿಲ್ಲದ ಪದವನ್ನೂ ಕೊಡಬೇಕು. ಆಗ ಯಾವ ದಾರಿ ಮುಚ್ಚಿದೆ, ಯಾವುದು ತೆರೆದಿದೆ ಎಂಬುದು ಹೊರಬರುತ್ತದೆ. ಸ್ಕ್ಯಾನ್ ನೋಡಿದರೆ ಹಾನಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಆ ಮನುಷ್ಯನ ಜೊತೆ ನಾಳೆ ಹೇಗೆ ಮಾತಾಡಬೇಕು ಎಂಬುದನ್ನು ಸ್ಕ್ಯಾನ್ ಹೇಳುವುದಿಲ್ಲ.

ಯಾವ ಭಾಷೆಯಲ್ಲಿ ಪರೀಕ್ಷೆ ಎಂಬುದೂ ಸಣ್ಣ ವಿಷಯವಲ್ಲ. ಮಂಗಳೂರಿನ ಕಡೆಯವರು ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುತ್ತಾರೆ, ಓದಿದ್ದು ಕನ್ನಡದಲ್ಲಿ, ಬ್ಯಾಂಕಿನ ಕೆಲಸ ಇಂಗ್ಲಿಷಿನಲ್ಲಿ. ಇವರಿಗೆ ಕಿವಿಯ ಭಾಷೆ ಒಂದು, ಬರವಣಿಗೆಯ ಭಾಷೆ ಇನ್ನೊಂದು. ಭಾಷೆಗಳು ಒಂದೇ ಸಮ ಕೆಡಬೇಕು, ಒಂದೇ ಸಮ ಮರಳಬೇಕು ಎಂದೇನಿಲ್ಲ. ಹೆಚ್ಚು ಭಾಷೆ ಗೊತ್ತಿದ್ದರೆ ರಕ್ಷಣೆ ಸಿಗುತ್ತದೆಯೇ? ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಸ್ಟ್ರೋಕ್ ಆದ 608 ಜನರನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಸ್ಟ್ರೋಕ್ ನಂತರ ಯೋಚನಾಶಕ್ತಿ ಸರಿಯಾಗಿ ಉಳಿದವರ ಪ್ರಮಾಣ ಎರಡು ಭಾಷೆ ಬಲ್ಲವರಲ್ಲಿ ಜಾಸ್ತಿ ಇತ್ತು. ಆದರೆ ಅಫೇಸಿಯಾ ಬರುವ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಓದು ಬರಹ ಕಲಿಯದವರ ಮಾತೇನು? 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇಕಡಾ 75ರ ಆಸುಪಾಸು. ಉಳಿದವರಿಗೆ ಬರೆದು ತಿಳಿಯುವ ಬಾಗಿಲು ಮೊದಲಿನಿಂದಲೂ ಇಲ್ಲ. ಅವರಿಗೆ ಚಿತ್ರ, ಸನ್ನೆ, ನಿಜವಾದ ವಸ್ತು ಇವೇ ದಾರಿ. ತಟ್ಟೆ, ಮಾತ್ರೆಯ ಡಬ್ಬಿ, ಮೊಮ್ಮಕ್ಕಳ ಫೋಟೊ ಎದುರಿಗಿಟ್ಟು ಮಾತಾಡಬೇಕು.

ಓದು ಉಳಿದಿರುವವರಿಗೆ ಈಗ ಹಿಂದೆ ಇಲ್ಲದ ಒಂದು ಅನುಕೂಲವಿದೆ. ಆಡಿದ ಮಾತನ್ನು ಆಗಿಂದಾಗಲೇ ಅಕ್ಷರ ಮಾಡಿ ತೋರಿಸುವ ಆಪ್‌ಗಳು ಫೋನಿನಲ್ಲಿ ಕನ್ನಡಕ್ಕೂ ಸಿಗುತ್ತವೆ. ಮಾತು ತಿಳಿಯದೆ ಓದು ತಿಳಿಯುವವರಿಗೆ ಇದು ದೊಡ್ಡ ಉಪಕಾರ. ವಾಯ್ಸ್ ಮೆಸೇಜ್ ಬದಲು ಟೈಪ್ ಮಾಡಿ ಕಳಿಸುವುದು, ಟಿವಿಗೆ ಸಬ್‌ಟೈಟಲ್ ಹಾಕುವುದು, ಡಾಕ್ಟರ್ ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದು ಕೊಡುವುದು, ಇವಕ್ಕೆ ಖರ್ಚೇನೂ ಇಲ್ಲ. ಆದರೆ ಮೊದಲು ಓದು ಉಳಿದಿದೆ ಎಂದು ಯಾರಾದರೂ ಪರೀಕ್ಷಿಸಿ ನೋಡಿರಬೇಕಲ್ಲ! ವೆರ್ನಿಕೆ ಬಗೆಯ ಅಫೇಸಿಯಾದಲ್ಲಿ ಓದೂ ಸಾಮಾನ್ಯವಾಗಿ ಕೆಟ್ಟಿರುತ್ತದೆ. ಅವರ ಮುಂದೆ ಉದ್ದುದ್ದ ಬರೆದು ಹಿಡಿದರೆ ಅವರಿಗೂ ಸಂಕಟ, ನಮಗೂ ಸಂಕಟ.

ಚಿಕಿತ್ಸೆಯಿಂದ ಗುಣ ಕಾಣುತ್ತದೆಯೇ ಎಂದು ಕೇಳಿದರೆ, ಹೌದು. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ. ಆಮೇಲೆ ನಿಧಾನವಾಗುತ್ತದೆ, ಆದರೆ ನಿಂತುಹೋಗುವುದಿಲ್ಲ. ಜರ್ಮನಿಯಲ್ಲಿ 156 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟ್ರೋಕ್ ಆಗಿ ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಕಳೆದವರಿಗೆ ವಾರಕ್ಕೆ ಕನಿಷ್ಠ ಹತ್ತು ಗಂಟೆಯಂತೆ ಮೂರು ವಾರ ಥೆರಪಿ ಕೊಟ್ಟರು. ದಿನನಿತ್ಯದ ಮಾತುಕತೆ ಸುಧಾರಿಸಿತು. ವಾರಕ್ಕೆ ಹತ್ತು ಗಂಟೆ ಎಂಬುದನ್ನು ಗಮನಿಸಿ. ನಮ್ಮಲ್ಲಿ ತಿಂಗಳಿಗೆ ಒಂದೆರಡು ಸಲ ಮುಕ್ಕಾಲು ಗಂಟೆ ಸಿಕ್ಕಿದರೆ ಪುಣ್ಯ ಎನ್ನುವವರೇ ಹೆಚ್ಚು.

ಕಾನೂನಿನ ಕಡೆಯಿಂದ ಒಂದು ಆಸರೆ ಇದೆ, ಅದು ಬಹಳ ಕುಟುಂಬಗಳಿಗೆ ತಿಳಿದಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯದ್ದೂ ಒಂದು, ಅದರ ವಿವರಣೆಯಲ್ಲಿ ಅಫೇಸಿಯಾದ ಹೆಸರೇ ಇದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಕೈಕಾಲು ಸರಿ ಇದೆ, ನಿಮಗೆ ಯಾಕೆ ಪ್ರಮಾಣಪತ್ರ ಎಂದು ಯಾರಾದರೂ ಕೇಳಿದರೆ ಕಾಯ್ದೆಯ ಈ ವಿವರಣೆ ತೋರಿಸಿ. ಕಾಯ್ದೆಯಲ್ಲೂ ಒಂದು ತೊಡಕಿದೆ. ಅಂಗವೈಕಲ್ಯ ಶಾಶ್ವತವಾದದ್ದು ಆಗಿರಬೇಕು ಎಂದು ಅದು ಹೇಳುತ್ತದೆ. ಶಾಶ್ವತವೋ ಅಲ್ಲವೋ ಎಂದು ಸ್ಟ್ರೋಕ್ ಆದ ಮೊದಲ ತಿಂಗಳುಗಳಲ್ಲಿ ಹೇಳಲು ಬರುವುದಿಲ್ಲ. ಥೆರಪಿಗೆ ಹಣ, ಓಡಾಟಕ್ಕೆ ನೆರವು, ಕೆಲಸದಿಂದ ರಜೆ ಎಲ್ಲಾ ಬೇಕಾಗುವುದು ಅದೇ ತಿಂಗಳುಗಳಲ್ಲಿ. ಈ ಅವಧಿಗೆ ತಾತ್ಕಾಲಿಕ ನೆರವಿನ ಒಂದು ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಬೇಕು. ಅಲ್ಲಿಯವರೆಗೆ ಕುಟುಂಬದವರು ಡಿಸ್ಚಾರ್ಜ್ ಆಗುವ ದಿನವೇ ಭಾಷಾ ಪರೀಕ್ಷೆಯ ವರದಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಲಿ. ಎಷ್ಟು ಸುಧಾರಿಸಿದೆ ಎಂದು ಆಮೇಲೆ ಹೋಲಿಸಿ ನೋಡಲು ಥೆರಪಿಸ್ಟ್‌ಗೂ ಅದೇ ಬೇಕಾಗುತ್ತದೆ.